ದ್ರವಸ್ಫಟಿಕದ ತಿರುಳಿನಲ್ಲಿರುವ ಉಂಗುರ: ಆಕಾರದ ಬಲವೋ, ಎಲೆಕ್ಟ್ರಾನಿನ ಬಲವೋ?

ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗ್ರೇ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ 5ಸಿಬಿ ಎಂಬ ಅಣುವಿನ ರಚನೆ ತೀರ ಸರಳ. ಒಂದಕ್ಕೊಂದು ಕೂಡಿಕೊಂಡ ಎರಡು ಬೆಂಜೀನ್ ಉಂಗುರಗಳು, ಒಂದು ತುದಿಯಲ್ಲಿ ಐದು ಕಾರ್ಬನ್ನುಗಳ ಬಾಲ, ಇನ್ನೊಂದು ತುದಿಯಲ್ಲಿ ಸಯಾನೋ ಗುಂಪು. ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಅದೊಂದು ಮಸುಕು ದ್ರವವಾಗುತ್ತದೆ. ಹರಿಯುತ್ತದೆ, ಆದರೆ ಅದರ ಅಣುಗಳೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. 35 ಡಿಗ್ರಿ ದಾಟಿತೆಂದರೆ ಆ ಶಿಸ್ತು ಕಳಚಿ, ನೀರಿನಂಥ ಸಾಮಾನ್ಯ ತಿಳಿದ್ರವ ಉಳಿಯುತ್ತದೆ. ಈ ಎರಡನೆಯ ತಾಪವನ್ನು ತಿಳಿಬಿಂದು ಎಂದು ಕರೆಯೋಣ. ದ್ರವಸ್ಫಟಿಕ ಸ್ಥಿತಿ ಎಷ್ಟು ಗಟ್ಟಿಯಾಗಿ ನಿಂತಿದೆ ಎಂಬುದಕ್ಕೆ ಅದೇ ಅಳತೆ.

ಈಗ ಬಾಲದ ಪಕ್ಕದ ಬೆಂಜೀನನ್ನು ತೆಗೆದು ಅಲ್ಲಿ ಸೈಕ್ಲೋಹೆಕ್ಸೇನ್ ಉಂಗುರವನ್ನು ಕೂಡಿಸಿದರೆ ತಿಳಿಬಿಂದು 55ಕ್ಕೆ ಏರುತ್ತದೆ. ಎರಡೂ ಬೆಂಜೀನ್‌ಗಳ ಜಾಗದಲ್ಲಿ ಸೈಕ್ಲೋಹೆಕ್ಸೇನ್ ಇಟ್ಟರೆ ಸುಮಾರು 85. ಬಾಲದ ಪಕ್ಕದ ಒಂದೇ ಬೆಂಜೀನಿನ ಬದಲು ಬೈಸೈಕ್ಲೋಆಕ್ಟೇನ್ ಎಂಬ ಪಂಜರದಾಕಾರದ ಉಂಗುರವನ್ನಿಟ್ಟರೆ 100 ಡಿಗ್ರಿ. ಬೆಂಜೀನಿನ ಮೇಲೂ ಕೆಳಗೂ ಹರಡಿಕೊಂಡಿರುವ, ಸುಲಭವಾಗಿ ಅಲುಗುವ ಎಲೆಕ್ಟ್ರಾನ್ ಮೋಡ ಸೈಕ್ಲೋಹೆಕ್ಸೇನ್‌ನಲ್ಲಿಯೂ ಇಲ್ಲ, ಬೈಸೈಕ್ಲೋಆಕ್ಟೇನ್‌ನಲ್ಲಿಯೂ ಇಲ್ಲ. ಅಣುಗಳನ್ನು ಸಾಲಾಗಿ ನಿಲ್ಲಿಸುವುದು ಆ ಮೋಡವೇ ಎಂದು ಬಹುಕಾಲ ನಂಬಲಾಗಿತ್ತು. ಹಾಗಿದ್ದರೆ ಮೋಡ ತೆಗೆದಷ್ಟೂ ಶಿಸ್ತು ಸಡಿಲವಾಗಬೇಕಿತ್ತಲ್ಲ? ಇಲ್ಲಿ ಅದು ಬಿಗಿಯಾಗುತ್ತಿದೆ.

ಅಣುವಿನ ತಿರುಳಿನಲ್ಲಿ ಕೂತ ಉಂಗುರ ದ್ರವಸ್ಫಟಿಕದ ನಡವಳಿಕೆಯನ್ನು ಹೇಗೆ ನಿರ್ಧರಿಸುತ್ತದೆ ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದರಲ್ಲಿ ಬೆಂಗಳೂರಿನದ್ದೊಂದು ದೊಡ್ಡ ಅಧ್ಯಾಯವೂ ಇದೆ. ಈ ಚರ್ಚೆಯನ್ನು ಓದುತ್ತ ಬಂದ ನನಗೆ ಮನದಟ್ಟಾಗಿರುವುದು ಇಷ್ಟು: ಯಾವ ಉಂಗುರಕ್ಕೂ ತನ್ನದೇ ಆದ ಖಾಯಂ ದರ್ಜೆಯಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅದರ ಬೆಲೆ ಏರಿಳಿಯುತ್ತದೆ. ಇದುವರೆಗಿನ ಹೆಚ್ಚಿನ ಸಿದ್ಧಾಂತಗಳು ಎಡವಿರುವುದು ಇದೇ ಜಾಗದಲ್ಲಿ.

ಪ್ರಾಗ್‌ನಿಂದ ಹಾಲೆಗೆ

ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಕ್ ರೈನಿಟ್ಜರ್ 1888ರಲ್ಲಿ ಕೊಲೆಸ್ಟರಿಲ್ ಬೆಂಜೋಯೇಟ್ ಎಂಬ ವಸ್ತುವನ್ನು ಬಿಸಿಮಾಡಿದಾಗ ಅದು ಎರಡು ಸಲ ಕರಗಿತು. 145.5 ಡಿಗ್ರಿಯಲ್ಲಿ ಮಸುಕು ದ್ರವ, 178.5 ಡಿಗ್ರಿಯಲ್ಲಿ ತಿಳಿದ್ರವ. ಮಾದರಿಯನ್ನು ಅವನು ಭೌತವಿಜ್ಞಾನಿ ಓಟೊ ಲೇಮನ್‌ಗೆ ಕಳಿಸಿಕೊಟ್ಟ. ಬಿಸಿಮಾಡುವ ವೇದಿಕೆಯಿದ್ದ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿದ ಲೇಮನ್, ಹರಿಯುವ ಸ್ಫಟಿಕಗಳೂ ಇವೆ ಎಂದು ಸಾರಿದ. ಟಾಮನ್, ನರ್ನ್ಸ್ಟ್‌ರಂಥ ಘಟಾನುಘಟಿಗಳು ಇದನ್ನು ಒಪ್ಪಲಿಲ್ಲ. ಅದು ಕಲಬೆರಕೆಯ ದ್ರವ ಅಷ್ಟೇ ಎಂದರು. ಜಗಳ ಹಲವು ವರ್ಷ ನಡೆಯಿತು.

ಆ ಜಗಳದ ನಡುವೆ ಯಾರೂ ಹೆಚ್ಚು ಗಮನಿಸದೆ ಬಿಟ್ಟ ಒಂದು ಸಂಗತಿಯಿದೆ. ಕೊಲೆಸ್ಟರಾಲಿನ ತಿರುಳು ಬೆಸೆದುಕೊಂಡ ನಾಲ್ಕು ಉಂಗುರಗಳದ್ದು, ಅವುಗಳಲ್ಲಿ ಒಂದೂ ಬೆಂಜೀನಿನ ಜಾತಿಯದ್ದಲ್ಲ. ರೈನಿಟ್ಜರನ ವಸ್ತುವಿನಲ್ಲಿ ಒಂದು ಬೆಂಜೀನ್ ಇತ್ತು ನಿಜ, ಆದರೆ ಅದು ಅಂಚಿನಲ್ಲಿತ್ತು. ಆ ಬೆಂಜೀನನ್ನೂ ಬಿಟ್ಟು ಬರಿಯ ಉದ್ದನೆಯ ಕೊಬ್ಬಿನಾಮ್ಲ ಸೇರಿಸಿದ ಕೊಲೆಸ್ಟರಿಲ್ ನೊನಾನೋಯೇಟ್ ಕೂಡ ದ್ರವಸ್ಫಟಿಕವೇ. ಅಂದರೆ ಜಗತ್ತಿಗೆ ಪರಿಚಯವಾದ ಮೊಟ್ಟಮೊದಲ ದ್ರವಸ್ಫಟಿಕದ ತಿರುಳೇ ಅರೋಮ್ಯಾಟಿಕ್ (ಬೆಂಜೀನಿನ ಜಾತಿಯದ್ದು) ಆಗಿರಲಿಲ್ಲ.

ಮುಂದಿನ ದಶಕಗಳ ರಸಾಯನವಿಜ್ಞಾನ ಬೇರೆ ದಾರಿ ಹಿಡಿಯಿತು. ಗಾಟರ್‌ಮನ್ 1890ರಲ್ಲಿ ತಯಾರಿಸಿದ ಅಜಾಕ್ಸಿ ಸಂಯುಕ್ತಗಳಲ್ಲಿ ಎರಡು ಬೆಂಜೀನ್ ಉಂಗುರಗಳು ಸೇತುವೆಯೊಂದರಿಂದ ಕೂಡಿದ್ದವು. ಜರ್ಮನಿಯ ಹಾಲೆ ವಿಶ್ವವಿದ್ಯಾಲಯದ ಡಾನಿಯೆಲ್ ಫೋರ್ಲೆಂಡರ್ ಅಂಥ ನೂರಾರು ಸಂಯುಕ್ತಗಳನ್ನು ತಯಾರಿಸಿ ನೋಡಿ, ಅಣು ಆದಷ್ಟೂ ನೆಟ್ಟಗೆ, ಕೋಲಿನಂತಿರಬೇಕು ಎಂಬ ನಿಯಮವನ್ನು 1907ರ ಹೊತ್ತಿಗೆ ಮುಂದಿಟ್ಟ. ಬೆಂಜೀನಿನ ಎದುರುಬದುರು ತುದಿಗಳಲ್ಲಿ ಗುಂಪುಗಳಿದ್ದರೆ ದ್ರವಸ್ಫಟಿಕ, ಪಕ್ಕಕ್ಕೆ ಸರಿಸಿದರೆ ಇಲ್ಲ. ಇಂದಿಗೂ ಪಾಠ ಹೇಳುವವರು ಮೊದಲು ಹೇಳುವುದು ಈ ನಿಯಮವನ್ನೇ.

ಫೋರ್ಲೆಂಡರ್ ಬಾಗಿದ ಅಣುಗಳನ್ನೂ ತಯಾರಿಸಿದ್ದ. ಅವುಗಳಲ್ಲಿ ಕೆಲವು ದ್ರವಸ್ಫಟಿಕಗಳಾಗಿದ್ದವು ಕೂಡ. ಆದರೆ ಅವುಗಳ ಮಸುಕು ಸ್ಥಿತಿ ದುರ್ಬಲವಾಗಿದ್ದರಿಂದ ಅವು ನಿಯಮಕ್ಕೆ ಪುಷ್ಟಿಕೊಡುವ ಉದಾಹರಣೆಗಳಾಗಿ ಮೂಲೆ ಸೇರಿದವು. ಅವುಗಳ ನಿಜವಾದ ಸ್ವಭಾವ ತಿಳಿಯಲು ಸುಮಾರು ಎಪ್ಪತ್ತು ವರ್ಷ ಬೇಕಾಯಿತು.

ಆಕಾರದ ಪಕ್ಷ, ಆಕರ್ಷಣೆಯ ಪಕ್ಷ

ಫ್ರಾನ್ಸಿನ ಜಾರ್ಜ್ ಫ್ರೀಡೆಲ್ 1922ರಲ್ಲಿ ದ್ರವಸ್ಫಟಿಕಗಳನ್ನು ವಿಂಗಡಿಸಿ ಹೆಸರಿಟ್ಟ. ದಿಕ್ಕು ಮಾತ್ರ ಒಂದಾಗಿರುವುದು ನೆಮ್ಯಾಟಿಕ್, ಅದರ ಜೊತೆಗೆ ಪದರಗಳೂ ಇದ್ದರೆ ಸ್ಮೆಕ್ಟಿಕ್, ದಿಕ್ಕು ಸುರುಳಿಯಾಗಿ ತಿರುಗುತ್ತಿದ್ದರೆ ಕೊಲೆಸ್ಟರಿಕ್. ಇಂಥ ಶಿಸ್ತು ಮೂಡುವುದಾದರೂ ಏಕೆ ಎಂಬುದಕ್ಕೆ ಎರಡು ದೊಡ್ಡ ಉತ್ತರಗಳು ಬಂದದ್ದು ಎರಡನೆಯ ಮಹಾಯುದ್ಧದ ನಂತರ.

ಲಾರ್ಸ್ ಆನ್ಸಾಗರ್ 1949ರಲ್ಲಿ ಹೇಳಿದ್ದು ಶುದ್ಧ ಜಾಗದ ಲೆಕ್ಕಾಚಾರ. ಉದ್ದನೆಯ ಗಟ್ಟಿ ಕೋಲುಗಳು ಒತ್ತೊತ್ತಾಗಿ ಸೇರಿದಾಗ ಅಡ್ಡಾದಿಡ್ಡಿ ಬಿದ್ದಿದ್ದರೆ ಒಂದಕ್ಕೊಂದು ತಡೆಯಾಗುತ್ತವೆ. ಒಂದೇ ದಿಕ್ಕಿಗೆ ತಿರುಗಿಕೊಂಡರೆ ಪ್ರತಿಯೊಂದಕ್ಕೂ ಅಲುಗಾಡಲು ಹೆಚ್ಚು ಜಾಗ ಸಿಗುತ್ತದೆ. ಆಕರ್ಷಣೆಯೇ ಇಲ್ಲದಿದ್ದರೂ ಶಿಸ್ತು ಮೂಡುತ್ತದೆ. ಈ ದೃಷ್ಟಿಯಲ್ಲಿ ಉಂಗುರದ ಕೆಲಸ ಅಣುವಿಗೆ ಬೆನ್ನುಮೂಳೆಯಾಗಿ ನಿಂತು ಅದು ಮಡಚಿಕೊಳ್ಳದಂತೆ ನೋಡಿಕೊಳ್ಳುವುದು, ಅಷ್ಟೇ.

ಜರ್ಮನಿಯ ಫ್ರೈಬರ್ಗ್‌ನಲ್ಲಿ ವಿಲ್ಹೆಲ್ಮ್ ಮಾಯರ್ ಮತ್ತು ಆಲ್ಫ್ರೆಡ್ ಜೌಪೆ 1958ರಿಂದ 1960ರವರೆಗೆ ಬೆಳೆಸಿದ ಸಿದ್ಧಾಂತ ಇದಕ್ಕೆ ಎದುರು. ಅಣುವಿನ ಎಲೆಕ್ಟ್ರಾನ್ ಮೋಡ ಉದ್ದಕ್ಕೆ ಹೆಚ್ಚಾಗಿ, ಅಡ್ಡಕ್ಕೆ ಕಡಿಮೆಯಾಗಿ ಅಲುಗುತ್ತದೆ. ಈ ವ್ಯತ್ಯಾಸದಿಂದ ಅಣುಗಳ ನಡುವೆ ದಿಕ್ಕನ್ನು ಅವಲಂಬಿಸಿದ ಆಕರ್ಷಣೆ ಹುಟ್ಟಿ, ಅದೇ ಅವುಗಳನ್ನು ಸಾಲುಗೂಡಿಸುತ್ತದೆ. ತಾಪ ಹೆಚ್ಚಿದಂತೆ ಶಿಸ್ತು ಹೇಗೆ ಕುಗ್ಗುತ್ತದೆ ಎಂಬುದನ್ನು ಈ ಸಿದ್ಧಾಂತ ಬಹಳ ಚೆನ್ನಾಗಿ ವಿವರಿಸಿತು. ಹಾಗಾಗಿ ಬೆಂಜೀನಿಗೆ ವಿಶೇಷ ಪಟ್ಟ ಸಿಕ್ಕಿತು. ಅಲುಗುವ ಎಲೆಕ್ಟ್ರಾನುಗಳ ಭಂಡಾರವೇ ಅದಲ್ಲವೇ?

ಗಣಿತದಲ್ಲಿ ಗೆದ್ದ ಸಿದ್ಧಾಂತವನ್ನು ರಸಾಯನಜ್ಞರು ಪಾಕವಿಧಾನವೆಂದು ತೆಗೆದುಕೊಂಡರು. ಇದು ದುಡುಕು ಎಂದು ನನ್ನ ಅಭಿಪ್ರಾಯ. ಮಾಯರ್–ಜೌಪೆ ಸಿದ್ಧಾಂತದಲ್ಲಿ ಆಕರ್ಷಣೆಯ ಬಲ ಒಂದು ಅಂಕಿಯಾಗಿ ಬರುತ್ತದೆ. ಆ ಅಂಕಿ ಎಲ್ಲಿಂದ ಬಂದರೂ ತಾಪದೊಡನೆ ಶಿಸ್ತು ಬದಲಾಗುವ ರೇಖೆಯ ರೂಪ ಅದೇ ಇರುತ್ತದೆ. ರೇಖೆ ಪ್ರಯೋಗಕ್ಕೆ ಹೊಂದಿತೆಂದ ಮಾತ್ರಕ್ಕೆ ಬಲದ ಮೂಲ ಬೆಂಜೀನಿನ ಮೋಡವೇ ಎಂದು ಸಾಬೀತಾಗುವುದಿಲ್ಲ.

ಬೆಂಜೀನ್ ತೆಗೆದು ನೋಡಿದವರು

ಬಲದ ಮೂಲ ಬೆಂಜೀನಿನ ಮೋಡವೇ ಎಂಬುದನ್ನು ನೇರವಾಗಿ ಪರೀಕ್ಷಿಸಿದವರಲ್ಲಿ ಮೈಕೆಲ್ ಡ್ಯೂವರ್ ಮೊದಲಿಗರು. ಮೂರು ಉಂಗುರಗಳು ಎಸ್ಟರ್ ಕೊಂಡಿಗಳಿಂದ ಸೇರಿದ ಅಣುಗಳಲ್ಲಿ ನಡುವಿನ ಬೆಂಜೀನನ್ನು ಬದಲಿಸುತ್ತ ಅವರ ತಂಡ 1970ರಲ್ಲಿ ಫಲಿತಾಂಶ ಪ್ರಕಟಿಸಿತು. ಬೈಸೈಕ್ಲೋಆಕ್ಟೇನ್ ಇಟ್ಟಾಗ ನೆಮ್ಯಾಟಿಕ್ ಸ್ಥಿತಿ ಹೆಚ್ಚುಕಡಿಮೆ ಬೆಂಜೀನಿನಷ್ಟೇ ಗಟ್ಟಿಯಾಗಿ ಉಳಿಯಿತು, ಸೈಕ್ಲೋಹೆಕ್ಸೇನ್ ಇಟ್ಟಾಗ ಕುಸಿಯಿತು. ಈ ಎರಡು ಉಂಗುರಗಳಲ್ಲೂ ಮೋಡವಿಲ್ಲ, ಆದರೆ ಬೈಸೈಕ್ಲೋಆಕ್ಟೇನ್ ಬಿಗಿಯಾದ ಪಂಜರ, ಸೈಕ್ಲೋಹೆಕ್ಸೇನ್ ರೂಪ ಬದಲಿಸಬಲ್ಲ ಉಂಗುರ. ಆದ್ದರಿಂದ ಬೆಂಜೀನಿನಿಂದ ಸಿಗುವುದು ನೇರವಾದ ಬಿಗಿತನವೇ ಹೊರತು ಮೋಡದ ಮಹಿಮೆಯಲ್ಲ ಎಂದು ಡ್ಯೂವರ್ ತೀರ್ಮಾನಿಸಿದರು. ಆಕಾರದ ಪಕ್ಷಕ್ಕೆ ದೊಡ್ಡ ಬಲ ಬಂತು.

ಇದೇ ಹೊತ್ತಿಗೆ ಪರದೆಗಳ ಉದ್ಯಮ ಬಾಗಿಲು ತಟ್ಟುತ್ತಿತ್ತು. ಕೋಣೆಯ ತಾಪದಲ್ಲಿ ನೆಮ್ಯಾಟಿಕ್ ಆಗಿರುವ ಎಂಬಿಬಿಎ 1969ರಲ್ಲಿ ಬಂದಿತ್ತು, ಆದರೆ ತೇವಾಂಶ ತಗುಲಿದರೆ ಅದು ಒಡೆದುಹೋಗುತ್ತಿತ್ತು. ಉಂಗುರಗಳ ನಡುವಿನ ಸೇತುವೆಯೇ ದುರ್ಬಲ ಕೊಂಡಿ ಎಂದು ಗುರುತಿಸಿದ ಗ್ರೇ, ಸೇತುವೆಯನ್ನೇ ತೆಗೆದುಹಾಕಿ ಎರಡು ಬೆಂಜೀನ್‌ಗಳನ್ನು ನೇರವಾಗಿ ಜೋಡಿಸಿದರು. 5ಸಿಬಿ ಹುಟ್ಟಿದ್ದು ಹಾಗೆ. ಮೂರನೆಯ ಬೆಂಜೀನ್ ಸೇರಿಸಿದರೆ ತಿಳಿಬಿಂದು 35ರಿಂದ ಸುಮಾರು 240 ಡಿಗ್ರಿಗೆ ಜಿಗಿಯಿತು. ತಿರುಳು ಉದ್ದವಾದಷ್ಟೂ ಶಿಸ್ತು ಗಟ್ಟಿ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಇಲ್ಲಿ ಎರಡೂ ಪಕ್ಷಗಳು ಒಮ್ಮತದಿಂದಿವೆ.

ಮೆರ್ಕ್ ಸಂಸ್ಥೆಯ ರುಡಾಲ್ಫ್ ಐಡೆನ್‌ಶಿಂಕ್ ಮತ್ತು ಸಂಗಡಿಗರು 1970ರ ದಶಕದ ನಡುವಿನಲ್ಲಿ ಒಂದು ಬೆಂಜೀನಿನ ಬದಲು ಸೈಕ್ಲೋಹೆಕ್ಸೇನ್ ಇಟ್ಟಾಗ ಒಮ್ಮತ ಒಡೆಯಿತು. ತಿಳಿಬಿಂದು 55ಕ್ಕೆ ಏರಿದ್ದು ಅಲ್ಲಿಯೇ. ಡ್ಯೂವರ್ ಅಣುಗಳಲ್ಲಿ ಸೋತ ಉಂಗುರ ಇಲ್ಲಿ ಗೆದ್ದಿತು! ಮೋಡದ ವಾದಕ್ಕೆ ಇದು ನೇರ ಪೆಟ್ಟು. ಬಿಗಿತನದ ವಾದಕ್ಕೂ ಪೆಟ್ಟೇ, ಏಕೆಂದರೆ ಸೈಕ್ಲೋಹೆಕ್ಸೇನ್ ಬೆಂಜೀನಿಗಿಂತ ಮೃದು.

ಒಂದು ಷರತ್ತನ್ನು ಇಲ್ಲಿ ಹೇಳಲೇಬೇಕು. ಸೈಕ್ಲೋಹೆಕ್ಸೇನ್ ಕುರ್ಚಿಯ ರೂಪದ ಉಂಗುರ. ಅದರ ಎರಡು ತುದಿಗಳ ಗುಂಪುಗಳು ಟ್ರಾನ್ಸ್ ಜೋಡಣೆಯಲ್ಲಿದ್ದರೆ ಅಣು ನೆಟ್ಟಗಿರುತ್ತದೆ. ಸಿಸ್ ಜೋಡಣೆಯಲ್ಲಿದ್ದರೆ ಮೊಣಕೈಯಂತೆ ಬಾಗಿ ದ್ರವಸ್ಫಟಿಕ ಗುಣವೇ ಹೋಗುತ್ತದೆ. ಮೇಲಿನ ಅಂಕಿಗಳೆಲ್ಲ ಟ್ರಾನ್ಸ್ ರೂಪದವು.

ಇನ್ನೂ ಗೊಂದಲ ಹುಟ್ಟಿಸುವುದು ನಾಲ್ಕನೆಯ ಅಣು. ಅದೇ ಒಂದು ಬೆಂಜೀನ್, ಅದೇ ಒಂದು ಸೈಕ್ಲೋಹೆಕ್ಸೇನ್, ಅದೇ ಬಾಲ, ಅದೇ ಸಯಾನೋ. ಉಂಗುರಗಳ ಸ್ಥಾನ ಮಾತ್ರ ಅದಲುಬದಲು: ಬಾಲ ಬೆಂಜೀನಿಗೆ, ಸಯಾನೋ ಸೈಕ್ಲೋಹೆಕ್ಸೇನಿಗೆ. ಈಗ ನೆಮ್ಯಾಟಿಕ್ ಸ್ಥಿತಿಯ ಮೇಲ್ಮಿತಿ ಸೊನ್ನೆ ಡಿಗ್ರಿಗಿಂತಲೂ ಕೆಳಕ್ಕೆ ಬೀಳುತ್ತದೆ. ಉದ್ದ ಅಷ್ಟೇ, ಅಗಲ ಅಷ್ಟೇ, ಪರಮಾಣುಗಳ ಸಂಖ್ಯೆಯೂ ಅಷ್ಟೇ. ಆಕಾರದ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣದು. ನನ್ನ ಮಟ್ಟಿಗೆ ಇಡೀ ಚರ್ಚೆಯ ಅತಿ ಮುಖ್ಯ ಸಾಕ್ಷಿ ಈ ಅಣು. ತಿಳಿಬಿಂದು ಏರಿದ ಮೂರು ಉದಾಹರಣೆಗಳನ್ನು ಎಲ್ಲರೂ ಹೇಳುತ್ತಾರೆ. ಬಿದ್ದ ಈ ಒಂದನ್ನು ಹೇಳುವವರು ಕಡಿಮೆ.

ಇದಕ್ಕೆ ಹಲ್ ಪಂಥದವರು ಕೊಡುವ ವಿವರಣೆ ನೆರೆಹೊರೆಯದ್ದು. ಸಯಾನೋ ಗುಂಪಿನಲ್ಲೂ ಅಲುಗುವ ಎಲೆಕ್ಟ್ರಾನುಗಳಿವೆ. ಅದು ಬೆಂಜೀನಿಗೆ ಅಂಟಿಕೊಂಡಿದ್ದರೆ ಎರಡರ ಮೋಡಗಳೂ ಕೂಡಿ ಒಂದೇ ಘಟಕವಾಗುತ್ತವೆ, ಅಣುವಿನ ಒಂದರ್ಧ ಎಲೆಕ್ಟ್ರಾನ್ ಸಮೃದ್ಧ, ಇನ್ನೊಂದರ್ಧ ಪೂರ್ತಿ ಕೊಬ್ಬಿನ ಸ್ವಭಾವದ್ದು. ನಡುವೆ ಸೈಕ್ಲೋಹೆಕ್ಸೇನ್ ಬಂದರೆ ಮೋಡಗಳು ಎರಡು ತುಂಡಾಗುತ್ತವೆ, ಎರಡೂ ತುಂಡುಗಳು ಬಡವಾಗುತ್ತವೆ. ಡ್ಯೂವರ್ ಅಣುಗಳಲ್ಲಿ ಎರಡು ಪಕ್ಕಗಳಲ್ಲೂ ಅರೋಮ್ಯಾಟಿಕ್ ನೆರೆಯಿದ್ದುದರಿಂದ ನಡುವಿನ ಸೈಕ್ಲೋಹೆಕ್ಸೇನ್ ಹೊರಗಿನದಾಯಿತು ಎಂದೂ ಇದೇ ಸೂತ್ರದಿಂದ ಹೇಳಬಹುದು. ಸೂತ್ರ ಹೊಂದುತ್ತದೆ. ಆದರೆ ಮೊದಲೇ ಅಂಕಿ ಹೇಳಿಕೊಡುವಷ್ಟು ಬಲ ಅದಕ್ಕಿಲ್ಲ.

ಇನ್ನೊಂದು ವಿವರಣೆಯಲ್ಲಿ ಬೆಂಗಳೂರಿನ ಪಾಲಿದೆ. ರಾಮನ್ ಸಂಶೋಧನಾ ಸಂಸ್ಥೆಯ ಎನ್. ವಿ. ಮಧುಸೂದನ ಮತ್ತು ಎಸ್. ಚಂದ್ರಶೇಖರ್ 1970ರ ದಶಕದ ಮೊದಲಲ್ಲೇ, ಸಯಾನೋದಂಥ ಬಲವಾದ ದ್ವಿಧ್ರುವವಿರುವ ಅಣುಗಳು ಪಕ್ಕಪಕ್ಕದಲ್ಲಿ ತಲೆ-ಬಾಲ ತಿರುವುಮುರುವಾಗಿ ಜೋಡಿಯಾಗುತ್ತವೆ ಎಂದು ವಾದಿಸಿದ್ದರು. ಲೆಡ್‌ಬೆಟರ್ ಮತ್ತು ಸಂಗಡಿಗರು 1975ರಲ್ಲಿ ಎಕ್ಸ್-ಕಿರಣದಿಂದ ಅಳೆದಾಗ 5ಸಿಬಿಯಲ್ಲಿ ಕಂಡ ಅಂತರ ಒಂದು ಅಣುವಿನ ಉದ್ದದ ಸುಮಾರು 1.4 ಪಟ್ಟಿತ್ತು. ಅಂದರೆ ಅಲ್ಲಿ ನಿಜವಾದ ಘಟಕ ಒಂಟಿ ಅಣುವಲ್ಲ, ತಿರುಳುಗಳು ಒಂದರ ಪಕ್ಕ ಒಂದು ಸರಿದು ಕೂತ ಜೋಡಿ. ಹೀಗಿರುವಾಗ ಉಂಗುರ ಬದಲಿಸಿದರೆ ಬದಲಾಗುವುದು ಒಂದು ಅಣುವಿನ ಆಕಾರವಷ್ಟೇ ಅಲ್ಲ, ಜೋಡಿ ಕೂರುವ ರೀತಿಯೂ ಬದಲಾಗುತ್ತದೆ. ಒಂಟಿ ಅಣುವಿನ ಅಳತೆಗಳಿಂದ ತಿಳಿಬಿಂದುವನ್ನು ಊಹಿಸಹೊರಟ ಹಲವರು ಸೋತದ್ದು ಏಕೆಂದು ಇದರಿಂದ ಬಹುಮಟ್ಟಿಗೆ ಅರ್ಥವಾಗುತ್ತದೆ.

ಜೋಡಿಯೇ ಉಂಗುರವನ್ನು ಸೃಷ್ಟಿಸುವ ಉದಾಹರಣೆಯೂ ಉಂಟು. ಆಲ್ಕಾಕ್ಸಿ ಬೆಂಜೋಯಿಕ್ ಆಮ್ಲದಲ್ಲಿ ಇರುವುದು ಒಂದೇ ಬೆಂಜೀನ್. ಎರಡು ಅಣುಗಳ ಆಮ್ಲದ ತುದಿಗಳು ಹೈಡ್ರೋಜನ್ ಬಂಧದಿಂದ ಕೂಡಿದಾಗ ನಡುವೆ ಎಂಟು ಪರಮಾಣುಗಳ ಹೊಸ ಉಂಗುರವೊಂದು ಏರ್ಪಟ್ಟು, ಮೂರು ಉಂಗುರಗಳ ಉದ್ದನೆಯ ತಿರುಳು ಸಿದ್ಧವಾಗುತ್ತದೆ.

ಸಿದ್ಧಾಂತಿಗಳು ಒಪ್ಪಂದಕ್ಕೆ ಬರುವ ಮೊದಲೇ ಉದ್ಯಮ ತನ್ನ ಆಯ್ಕೆ ಮಾಡಿಕೊಂಡಿತು. ದ್ವಿವಕ್ರೀಭವನ, ಎಂದರೆ ಉದ್ದಕ್ಕೂ ಅಡ್ಡಕ್ಕೂ ವಕ್ರೀಭವನಾಂಕದಲ್ಲಿರುವ ವ್ಯತ್ಯಾಸ, 5ಸಿಬಿಯಲ್ಲಿ ಸುಮಾರು 0.18. ಒಂದು ಸೈಕ್ಲೋಹೆಕ್ಸೇನ್ ಬಂದರೆ 0.12ರ ಆಸುಪಾಸು, ಎರಡೂ ಆದರೆ 0.06ರ ಆಸುಪಾಸು. ಇಲ್ಲಿ ಮೋಡದ ಪಾತ್ರ ನಿಸ್ಸಂದೇಹ. ಎಲೆಕ್ಟ್ರಾನ್ ಮೋಡ ಕಡಿಮೆಯಾದರೆ ಸಾಮಾನ್ಯವಾಗಿ ಸ್ನಿಗ್ಧತೆ ಇಳಿದು ಪರದೆ ಚುರುಕಾಗುತ್ತದೆ, ನೇರಳಾತೀತ ಕಿರಣಕ್ಕೂ ಬಾಳಿಕೆ ಹೆಚ್ಚು. ಇವತ್ತಿನ ಟಿವಿ, ಮೊಬೈಲ್ ಪರದೆಗಳ ಮಿಶ್ರಣದಲ್ಲಿ ಎರಡು ಸೈಕ್ಲೋಹೆಕ್ಸೇನ್‌ಗಳ ತಿರುಳಿಗೆ ಪುಟ್ಟ ವಿನೈಲ್ ಬಾಲವಿರುವ ಅಣುವೇ ದೊಡ್ಡ ಪಾಲು ಹೊರುತ್ತದೆ. ಬೆಂಜೀನಿನ ಪಕ್ಕಕ್ಕೆ ಫ್ಲೋರಿನ್ ಅಂಟಿಸಿದರೆ ಅಣು ಅಗಲವಾಗಿ ತಿಳಿಬಿಂದು ತುಸು ಇಳಿಯುತ್ತದೆ, ಆದರೆ ಅಡ್ಡದ ದ್ವಿಧ್ರುವ ಸಿಗುತ್ತದೆ. ಲಂಬವಾಗಿ ನಿಲ್ಲುವ ಅಣುಗಳ ಪರದೆಗಳಿಗೆ ಅದೇ ಬೇಕು. ಹಲ್‌ನಲ್ಲಿ 1989ರಲ್ಲಿ ವರದಿಯಾದ ಡೈಫ್ಲೋರೋ ಟರ್ಫಿನೈಲ್‌ಗಳು ಈ ದಾರಿಯ ಹೆಗ್ಗುರುತು.

ಬೆಂಗಳೂರಿನ ತಟ್ಟೆಗಳು

ಮೈಸೂರು ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷ ಭೌತವಿಜ್ಞಾನ ವಿಭಾಗವನ್ನು ಕಟ್ಟಿ ಬೆಳೆಸಿದ ಎಸ್. ಚಂದ್ರಶೇಖರ್, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕ ಪ್ರಯೋಗಾಲಯವನ್ನು ಆರಂಭಿಸಿದರು. ಕೋಲಿನ ನಿಯಮ ಹುಟ್ಟಿ ಎಪ್ಪತ್ತು ವರ್ಷವಾಗಿತ್ತು. 1977ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಆ ನಿಯಮವನ್ನು ಮುರಿದರು. ಒಂದೇ ಬೆಂಜೀನಿನ ಆರೂ ಮೂಲೆಗಳಿಗೆ ಆರು ಎಸ್ಟರ್ ಬಾಲಗಳನ್ನು ಕೂಡಿಸಿದ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು ಎಕ್ಸ್-ಕಿರಣ ಸಾಕ್ಷಿಯೊಂದಿಗೆ ತೋರಿಸಿ, ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ ಪ್ರಕಟಿಸಿದರು. ತಟ್ಟೆಗಳು ಹಪ್ಪಳದ ಕಟ್ಟಿನಂತೆ ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ, ಕಂಬಗಳು ಷಡ್ಭುಜ ಜಾಲದಲ್ಲಿ ನಿಲ್ಲುತ್ತವೆ. ಕಂಬದ ಒಳಗೆ ಮಾತ್ರ ದ್ರವದ ಅಸ್ತವ್ಯಸ್ತತೆ.

ತಟ್ಟೆಯಂಥ ಅಣುಗಳ ಸುಳಿವು ಮೊದಲೇ ಇರಲಿಲ್ಲವೆಂದಲ್ಲ. ಡಾಂಬರನ್ನು ಕಾಯಿಸಿದಾಗ ದೊಡ್ಡ ಅರೋಮ್ಯಾಟಿಕ್ ಹಾಳೆಗಳು ಸಾಲುಗೂಡುವುದನ್ನು ಬ್ರೂಕ್ಸ್ ಮತ್ತು ಟೇಲರ್ 1965ರಲ್ಲೇ ವಿವರಿಸಿದ್ದರು. ಆದರೆ ಅದು ಹಲವು ಅಣುಗಳ ಕಲಸುಮೇಲೋಗರ. ಶುದ್ಧವಾದ ಒಂದೇ ಅಣುವಿನಿಂದ, ರಚನೆಯನ್ನು ಅಳೆದು ತೋರಿಸಿದ್ದು ಬೆಂಗಳೂರಿನವರೇ. ಕನ್ನಡನಾಡಿನಲ್ಲಿ ನಡೆದ ವಿಜ್ಞಾನದ ಕೆಲಸಗಳಲ್ಲಿ, ಒಂದು ಇಡೀ ವರ್ಗದ ವಸ್ತುಗಳಿಗೆ ಬಾಗಿಲು ತೆರೆದ ಇಂಥ ಸಂಶೋಧನೆಗಳು ಬಹಳ ಕಡಿಮೆ. ನಮ್ಮ ಶಾಲೆಯ ಮಕ್ಕಳಿಗೆ ಇದು ಗೊತ್ತಿರಬೇಕು.

ಫ್ರಾನ್ಸಿನವರು ಮರುವರ್ಷವೇ ಟ್ರೈಫಿನೈಲೀನ್ ಎಂಬ, ನಾಲ್ಕು ಉಂಗುರಗಳು ಬೆಸೆದ ತಿರುಳನ್ನು ತಂದರು. ಆಮೇಲೆ ಥಾಲೋಸಯನೈನ್, ಹೆಕ್ಸಾಬೆಂಜೋಕೊರೊನೀನ್. ಟ್ರೈಫಿನೈಲೀನಿನ ಕಂಬದಲ್ಲಿ ತಿರುಳುಗಳ ಅಂತರ ಸುಮಾರು 0.35 ನ್ಯಾನೋಮೀಟರ್. ಮೋಡಗಳು ಒಂದರೊಳಗೊಂದು ಹಾಯುವಷ್ಟು ಹತ್ತಿರ. ಹಾಗಾಗಿ ಕಂಬದುದ್ದಕ್ಕೂ ವಿದ್ಯುದಾವೇಶ ಹರಿಯಬಲ್ಲದು. ಗಂಧಕದ ಬಾಲಗಳಿರುವ ಟ್ರೈಫಿನೈಲೀನಿನ ಸುರುಳಿ ಹಂತದಲ್ಲಿ ಆವೇಶದ ಚಲನಶೀಲತೆ ಪ್ರತಿ ವೋಲ್ಟ್-ಸೆಕೆಂಡಿಗೆ 0.1 ಚದರ ಸೆಂಟಿಮೀಟರ್ ಮುಟ್ಟಿದ ವರದಿ 1994ರಲ್ಲಿ ಬಂತು. ಜಪಾನಿನ ಫ್ಯೂಜಿ ಕಂಪನಿ 1990ರ ದಶಕದಲ್ಲಿ ಟ್ರೈಫಿನೈಲೀನ್ ಲೇಪಿಸಿದ ಹಾಳೆಯನ್ನು ಮಾರುಕಟ್ಟೆಗೆ ತಂದು, ಪಕ್ಕದಿಂದ ನೋಡಿದರೆ ಪರದೆ ಕಪ್ಪಾಗುವ ತೊಂದರೆಯನ್ನು ಬಹಳಷ್ಟು ತಗ್ಗಿಸಿತು. ಕೋಲುಗಳ ದೋಷವನ್ನು ತಟ್ಟೆಗಳು ಸರಿಪಡಿಸಿದವು.

ಇಲ್ಲಿಯೂ ಅದೇ ಹಳೆಯ ಪ್ರಶ್ನೆ: ತಟ್ಟೆಗಳನ್ನು ಹಿಡಿದಿಡುವುದು ಮೋಡಗಳ ಆಕರ್ಷಣೆಯೇ? ಬರ್ಲಿನ್ನಿನ ಕೋನೆ ಮತ್ತು ಪ್ರೆಫ್ಕೆ 1980ರ ದಶಕದ ನಡುವಿನಲ್ಲಿ ಬೆಂಜೀನಿನ ಬದಲು ಸಿಲ್ಲೋ-ಇನೋಸಿಟಾಲ್ ಎಂಬ ಸೈಕ್ಲೋಹೆಕ್ಸೇನ್ ಉಂಗುರಕ್ಕೆ ಆರು ಎಸ್ಟರ್ ಬಾಲಗಳನ್ನು ಜೋಡಿಸಿದರು. ಆರೂ ಬಾಲಗಳು ಉಂಗುರದ ಸಮತಲದ ಕಡೆಗೇ ಚಾಚಿಕೊಳ್ಳುವ ರಚನೆ ಅದು. ಮೋಡದ ಲವಲೇಶವೂ ಇಲ್ಲದ ಈ ತಟ್ಟೆಗಳ ಕಂಬಗಳು ಬೆಂಗಳೂರಿನ ಬೆಂಜೀನ್ ತಟ್ಟೆಗಳಿಗಿಂತ ಹೆಚ್ಚಿನ ತಾಪದವರೆಗೆ ಉಳಿದವು. ಕೋಲುಗಳಲ್ಲಿ ಕಂಡದ್ದೇ ತಟ್ಟೆಗಳಲ್ಲೂ ಕಂಡಿತು. ಬೆಂಜೀನ್ ತಟ್ಟೆಯಲ್ಲಿ ಎಸ್ಟರುಗಳು ಇಕ್ಕಟ್ಟಿನಿಂದ ಸಮತಲದ ಹೊರಗೆ ತಿರುಗಿಕೊಳ್ಳುವುದು ಒಂದು ಕಾರಣವಿರಬೇಕು.

ಹಾಗೆಂದು ಮೋಡವನ್ನು ಪೂರ್ತಿ ತಳ್ಳಿಹಾಕಲೂ ಆಗದು. ಹಂಟರ್ ಮತ್ತು ಸಾಂಡರ್ಸ್ 1990ರಲ್ಲಿ ಮುಂದಿಟ್ಟ ಮಾದರಿಯ ಪ್ರಕಾರ ಎರಡು ಬೆಂಜೀನ್ ಮೋಡಗಳು ಮುಖಾಮುಖಿಯಾದರೆ ವಿಕರ್ಷಿಸುತ್ತವೆ. ತುಸು ಸರಿದು ಕೂತಾಗ, ಇಲ್ಲವೇ ಒಂದರ ಮೋಡ ದಟ್ಟವೂ ಇನ್ನೊಂದರದು ವಿರಳವೂ ಆದಾಗ ಆಕರ್ಷಣೆ ಗೆಲ್ಲುತ್ತದೆ. ಬೆಂಜೀನ್ ಮತ್ತು ಹೆಕ್ಸಾಫ್ಲೋರೋಬೆಂಜೀನ್ ಬೆರೆಸಿದರೆ ಒಂದು ಬಿಟ್ಟು ಒಂದರಂತೆ ಪೇರಿಸಿಕೊಳ್ಳುವುದು 1960ರಿಂದಲೇ ಗೊತ್ತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬೋಡನ್ ಮತ್ತು ಬುಶ್ಬಿ ಎರಡು ಬಗೆಯ ತಟ್ಟೆಗಳನ್ನು ಸಮ ಪ್ರಮಾಣದಲ್ಲಿ ಬೆರೆಸಿ, ಎರಡಕ್ಕಿಂತಲೂ ಗಟ್ಟಿಯಾದ ಕಂಬಗಳನ್ನು ಪಡೆದರು. ಈ ಪ್ರಯೋಗಗಳಲ್ಲಿಯೂ ಗೆದ್ದದ್ದು ಒಂದು ಉಂಗುರದ ಸ್ವಂತ ಗುಣವಲ್ಲ, ಇಬ್ಬರು ನೆರೆಯವರ ಹೊಂದಾಣಿಕೆ.

ಬಾಗಿದ ತಿರುಳು

ಟೋಕಿಯೊದಲ್ಲಿ ನಿಯೋರಿ, ತಾಕೆಜೋಯೆ ಮತ್ತು ಸಂಗಡಿಗರು 1996ರಲ್ಲಿ ಬಾಳೆಹಣ್ಣಿನಾಕಾರದ ಐದುಂಗುರದ ಅಣುವನ್ನು ವರದಿ ಮಾಡಿದರು. ನಡುವಿನ ಬೆಂಜೀನಿನಲ್ಲಿ ತೋಳುಗಳು ಎದುರುಬದುರಾಗುವ ಬದಲು ಒಂದು ಮೂಲೆ ಬಿಟ್ಟು ಜೋಡಣೆಯಾಗಿದ್ದು, ಕೋನ 120 ಡಿಗ್ರಿಯ ಆಸುಪಾಸು. ಬಾಗಿದ ಅಣುಗಳು ಒಂದೇ ಬದಿಗೆ ಮುಖಮಾಡಿ ಪದರಗಳಾದಾಗ ಪದರಕ್ಕೆ ವಿದ್ಯುತ್ ಧ್ರುವತ್ವ ಬರುತ್ತದೆ. ಅಣುವಿಗೆ ಎಡಗೈ-ಬಲಗೈ ಭೇದ ಇಲ್ಲದಿದ್ದರೂ ಪದರಗಳಿಗೆ ಅದು ಬರುತ್ತದೆ ಎಂದು 1997ರಲ್ಲಿ ಸ್ಪಷ್ಟವಾಯಿತು. ಫೋರ್ಲೆಂಡರ್ ಮೂಲೆಗಿಟ್ಟ ಸಂಯುಕ್ತಗಳನ್ನು ಹಾಲೆಯಲ್ಲೇ ಮತ್ತೆ ಹೊರತೆಗೆದು ನೋಡಿದಾಗ ಅವೂ ಈ ಕುಟುಂಬದವೇ ಎಂದು ತಿಳಿಯಿತು. ಬಾಗಿದ ತಿರುಳಿನ ರಸಾಯನದಲ್ಲಿಯೂ ಸದಾಶಿವ ಅವರ ಬೆಂಗಳೂರು ತಂಡ ಮುಂಚೂಣಿಯಲ್ಲಿತ್ತು.

ಬಾಗಿದ ತಿರುಳಿನಿಂದ ಇನ್ನೊಂದು ಆಸೆ ಚಿಗುರಿತು: ಉದ್ದದ ದಿಕ್ಕಷ್ಟೇ ಅಲ್ಲದೆ ಅಡ್ಡದ ದಿಕ್ಕೂ ಒಂದಾಗಿರುವ ದ್ವಿಅಕ್ಷೀಯ ನೆಮ್ಯಾಟಿಕ್. ಅದು ಸಾಧ್ಯವೆಂದು ಫ್ರೈಸರ್ 1970ರಲ್ಲೇ ಸಿದ್ಧಾಂತದಲ್ಲಿ ತೋರಿಸಿದ್ದರು. ಕೋಲು-ತಟ್ಟೆ ಎರಡೂ ಸೇರಿದಂಥ ಅಣುವಿನಲ್ಲಿ ಅದು ಸಿಕ್ಕಿದೆ ಎಂದು ಚಂದ್ರಶೇಖರ್ ತಂಡ 1988ರಲ್ಲಿ ವರದಿ ಮಾಡಿತ್ತು. ಆಕ್ಸಾಡಯಜೋಲ್ ಎಂಬ ಐದು ಪರಮಾಣುಗಳ ಉಂಗುರವನ್ನು ನಡುವೆ ಇಟ್ಟ ಬಾಗಿದ ಅಣುಗಳಲ್ಲಿ ಅದು ಸಿಕ್ಕಿತು ಎಂದು ಎರಡು ತಂಡಗಳು 2004ರಲ್ಲಿ ಸಾರಿದವು. ಆದರೆ ಆ ದ್ರವಗಳಲ್ಲಿ ಪದರಗಳ ಪುಟ್ಟ ಗುಂಪುಗಳು ಮೊದಲೇ ಇರುತ್ತವೆ, ಕಂಡದ್ದು ಆ ಗುಂಪುಗಳ ಪರಿಣಾಮ ಎಂಬ ಆಕ್ಷೇಪ ಬಲವಾಗಿದೆ. ಆಕ್ಷೇಪದ ಕಡೆಗೇ ಸಾಕ್ಷಿ ಹೆಚ್ಚು ಎಂದು ನನಗೆ ತೋರುತ್ತದೆ.

ಧ್ರುವತ್ವದ ಹೊಸ ನೆಮ್ಯಾಟಿಕ್

ಅಣುಗಳ ತಲೆಗಳೆಲ್ಲ ಒಂದೇ ಕಡೆ ತಿರುಗಿದ ನೆಮ್ಯಾಟಿಕ್ ಇರಬಹುದೆಂದು ಮ್ಯಾಕ್ಸ್ ಬಾರ್ನ್ 1916ರಲ್ಲಿ ಊಹಿಸಿದ್ದರು. ಅದು ಕೈಗೆ ಸಿಕ್ಕಿದ್ದು ಒಂದು ಶತಮಾನದ ಮೇಲೆ. 2017ರಲ್ಲಿ ಜಪಾನಿನ ನಿಶಿಕಾವಾ ತಂಡ ಮತ್ತು ಇಂಗ್ಲೆಂಡಿನ ಮ್ಯಾಂಡಲ್ ತಂಡ ಬೇರೆಬೇರೆಯಾಗಿ ಎರಡು ಅಣುಗಳನ್ನು ವರದಿ ಮಾಡಿದವು. 2020ರಲ್ಲಿ ಅಮೆರಿಕದ ಬೌಲ್ಡರ್ ತಂಡ ಎರಡನೆಯದರ ಧ್ರುವತ್ವವನ್ನು ಖಚಿತಪಡಿಸಿತು. ಜಪಾನಿನ ಅಣುವಿನ ತಿರುಳಿನಲ್ಲಿ ಡಯಾಕ್ಸೇನ್ ಎಂಬ, ಎರಡು ಆಮ್ಲಜನಕಗಳಿರುವ ಪರ್ಯಾಪ್ತ ಉಂಗುರವೊಂದಿದೆ, ಉಳಿದವು ಫ್ಲೋರಿನ್ ಹೊತ್ತ ಬೆಂಜೀನ್‌ಗಳು. ಇಂಗ್ಲೆಂಡಿನದರಲ್ಲಿ ಮೂರೂ ಬೆಂಜೀನ್. ಎರಡರಲ್ಲೂ ದ್ವಿಧ್ರುವ ತೀರ ಬಲವಾದದ್ದು. ಆದರೆ ದ್ವಿಧ್ರುವ ಬಲವಾದರೆ ಸಾಕು ಎನ್ನುವಂತಿಲ್ಲ, ಏಕೆಂದರೆ 5ಸಿಬಿಯಂಥವು ಅದೇ ಬಲದಿಂದ ತಿರುವುಮುರುವು ಜೋಡಿಯಾಗುತ್ತವೆ. ಮಧುಸೂದನ ಅವರು 2021ರಲ್ಲಿ ಒಂದು ಸರಳ ಮಾದರಿ ಕೊಟ್ಟರು: ಕೋಲಿನ ಉದ್ದಕ್ಕೆ ಧನ-ಋಣ ಆವೇಶಗಳು ಅಲೆಯಂತೆ ಒಂದಾದ ಮೇಲೊಂದು ಬರುತ್ತವೆ, ಅಲೆಗಳು ಸರಿದು ಹೊಂದಿಕೊಂಡಾಗ ಒಂದೇ ಕಡೆ ತಿರುಗುವುದೇ ಲಾಭ. ಈ ನೋಟದಲ್ಲಿ ಪ್ರತಿ ಉಂಗುರವೂ ಅಲೆಯ ಒಂದು ಉಬ್ಬೋ ತಗ್ಗೋ ಆಗುತ್ತದೆ. ಈಗಿರುವ ವಿವರಣೆಗಳಲ್ಲಿ ಉಂಗುರಗಳ ಕ್ರಮಕ್ಕೆ ಸರಿಯಾದ ಸ್ಥಾನ ಕೊಟ್ಟದ್ದು ಇದೇ ಎಂದು ನಾನು ಭಾವಿಸುತ್ತೇನೆ.

ತೀರ್ಮಾನವಾಗದೆ ಉಳಿದದ್ದು

ಗಣಕ ಅನುಕರಣೆ ಈಗ ಬಹಳ ಮುಂದೆ ಬಂದಿದೆ. ಗಟ್ಟಿ ಕೋಲುಗಳು, ತಟ್ಟೆಗಳು ಬರಿಯ ಆಕಾರದಿಂದಲೇ ನೆಮ್ಯಾಟಿಕ್, ಸ್ಮೆಕ್ಟಿಕ್, ಕಂಬ ಎಲ್ಲವನ್ನೂ ಕೊಡಬಲ್ಲವೆಂದು 1980ರ ಮತ್ತು 1990ರ ದಶಕಗಳಲ್ಲಿ ಫ್ರೆಂಕೆಲ್ ಮತ್ತಿತರರು ತೋರಿಸಿದರು. ಇಟಲಿಯ ಬೊಲೋನ್ಯದಲ್ಲಿ ಝನೋನಿ ತಂಡ 2009ರಲ್ಲಿ ಸಯಾನೋಬೈಫಿನೈಲ್‌ಗಳ ತಿಳಿಬಿಂದುವನ್ನು ಪರಮಾಣು ಮಟ್ಟದ ಲೆಕ್ಕದಿಂದ ಕೆಲವೇ ಡಿಗ್ರಿಗಳ ಅಂತರದಲ್ಲಿ ಪಡೆಯಿತು. ಆದರೆ ಅಣುವಿನ ಬಲಗಳನ್ನು ಮೊದಲು ಎಚ್ಚರದಿಂದ ಹೊಂದಿಸಿಕೊಂಡ ಮೇಲೆ ಬಂದ ಉತ್ತರ ಅದು.

ಆದ್ದರಿಂದ ಉಳಿದಿರುವ ಪ್ರಶ್ನೆಗಳು ಸಣ್ಣವಲ್ಲ. ಬೆಂಜೀನ್ ಮತ್ತು ಸೈಕ್ಲೋಹೆಕ್ಸೇನ್ ಸ್ಥಾನ ಬದಲಿಸಿದಾಗ ತಿಳಿಬಿಂದು ಅಷ್ಟು ಆಳಕ್ಕೆ ಬೀಳುವುದಕ್ಕೆ ಅಂಕಿ ಸಮೇತ ಉತ್ತರ ಕೊಡುವ ಸರಳ ಸಿದ್ಧಾಂತ ಇಲ್ಲ. ಕಂಬಗಳಲ್ಲಿ ತಿರುಳಿನ ಆಕರ್ಷಣೆ ಎಷ್ಟು, ಬಾಲಗಳು ತಿರುಳಿನಿಂದ ಬೇರೆಯಾಗಿ ನಿಲ್ಲುವ ಒತ್ತಡ ಎಷ್ಟು ಎಂಬ ಪಾಲು ಹಂಚಿಕೆ ಇನ್ನೂ ಆಗಿಲ್ಲ. ದ್ವಿಅಕ್ಷೀಯ ನೆಮ್ಯಾಟಿಕ್ ಬಾಗಿದ ಅಣುಗಳಲ್ಲಿ ಇದೆಯೋ ಇಲ್ಲವೋ ಎಂಬ ವಾದ ಮುಗಿದಿಲ್ಲ. ಧ್ರುವತ್ವದ ನೆಮ್ಯಾಟಿಕ್‌ಗೆ ಯಾವ ಉಂಗುರ ಯಾವ ಸ್ಥಾನದಲ್ಲಿ ಬೇಕು ಎಂಬ ನಿಯಮ ಈಗಷ್ಟೇ ರೂಪುಗೊಳ್ಳುತ್ತಿದೆ. ತಿಳಿಬಿಂದುವಿಗಿಂತ ಕಷ್ಟದ್ದು ಕರಗುವ ಬಿಂದು. ಅದು ಘನಸ್ಫಟಿಕದ ಗುಟ್ಟು, ಅಣುವಿನ ಚಿತ್ರ ನೋಡಿ ಅದನ್ನು ಹೇಳುವ ವಿಧಾನ ಯಾರ ಬಳಿಯೂ ಇಲ್ಲ. ಪರದೆಗಳಿಗೆ ಬೇಕಾದ ಮಿಶ್ರಣಗಳನ್ನು ಈಗಲೂ ತಯಾರಿಸಿ, ಕಾಯಿಸಿ, ಸೂಕ್ಷ್ಮದರ್ಶಕದಡಿ ನೋಡಿಯೇ ಆರಿಸುತ್ತಾರೆ.

ಒಂದು ಮಾತನ್ನಂತೂ ಇವತ್ತೇ ತಿದ್ದಬಹುದು. ದ್ರವಸ್ಫಟಿಕಕ್ಕೆ ಬೆಂಜೀನಿನಂಥ ಉಂಗುರ ಬೇಕೇಬೇಕು ಎಂಬ ವಾಕ್ಯ ಪಾಠದಲ್ಲಿ ಎಲ್ಲೇ ಇದ್ದರೂ ಅಧ್ಯಾಪಕರು ಅದನ್ನು ಕೈಬಿಟ್ಟು, ಅದರ ಜಾಗದಲ್ಲಿ ರೈನಿಟ್ಜರನ ಕೊಲೆಸ್ಟರಾಲನ್ನೂ ಸೈಕ್ಲೋಹೆಕ್ಸೇನಿನ ಕೋಲುಗಳನ್ನೂ ಇನೋಸಿಟಾಲಿನ ತಟ್ಟೆಗಳನ್ನೂ ವಿದ್ಯಾರ್ಥಿಗಳ ಮುಂದಿಡಬೇಕು.